ಶ್ರೀತಾಳೆಯ ಸುಳಿ

ಗ್ರಂಥಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕವಿಯಿಂದ ಆರಂಭಿಸುತ್ತಾರೆ. ಕವಿಗೆ ಆಶ್ರಯವಿತ್ತ ಅರಸನನ್ನು ಅನಂತರ ನೆನೆಯುತ್ತಾರೆ. ಪ್ರತಿ ಮಾಡಿದ ಲಿಪಿಕಾರನಿಗೆ ಒಂದು ಸಾಲು ಸಿಕ್ಕರೆ ಅದೇ ಹೆಚ್ಚು. ಬರೆಯಲು ಗರಿ ಕೊಟ್ಟ ಮರದ ಮಾತನ್ನು ಎತ್ತುವವರು ವಿರಳ. ಇದು ಸ್ವಲ್ಪ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಕಾಗದ ಬರುವುದಕ್ಕೆ ಮುಂಚೆ ನೂರಾರು ವರ್ಷಗಳ ಕಾಲ ಈ ನಾಡಿನ ಕಾವ್ಯ, ಶಾಸ್ತ್ರ, ವೈದ್ಯ, ಜ್ಯೋತಿಷ, ಮನೆಯ ಲೆಕ್ಕಪತ್ರ ಎಲ್ಲವೂ ತಾಳೆಯ ಗರಿಯ ಮೇಲೆಯೇ ನಿಂತಿದ್ದುವು. ಆ ಗರಿ ಕೊಟ್ಟ ಮರಗಳಲ್ಲಿ ಮೇಲ್ತರದ್ದೆಂದು ಹಿಂದಿನವರು ಎಣಿಸಿದ್ದು ಶ್ರೀತಾಳೆಯನ್ನು. ತುಳುವಿನಲ್ಲಿ ಅದಕ್ಕೆ ಪಣೋಲಿ ಎನ್ನುತ್ತಾರೆ. ತೆಂಗು, ಅಡಿಕೆ, ಈಚಲು, ಬೈನೆಗಳನ್ನು ಎಲ್ಲರೂ ಬಲ್ಲರು. ಶ್ರೀತಾಳೆಯನ್ನು ಕಣ್ಣಾರೆ ಕಂಡವರು ಈಗ ಬಹಳ ಮಂದಿ ಇಲ್ಲ.

ಉಡುಪಿಯ ಕಡೆ ಇರುವ ನಮ್ಮ ಮನೆಯ ಹಿತ್ತಿಲಲ್ಲಿ ಅಂಥದೊಂದು ಮರ ಉಂಟು. ೧೯೭೮ರಲ್ಲಿ ನನ್ನ ತಂದೆಯವರು ಎಲ್ಲಿಂದಲೋ ಒಂದು ಬೀಜ ತಂದು ಊರಿದ್ದು. ೨೦೧೯ರ ಮಳೆಗಾಲದಲ್ಲಿ ಅದಕ್ಕೆ ಸುಳಿಕೊಳೆ ರೋಗ ತಗಲಿತು. ಅದನ್ನು ಉಳಿಸಿಕೊಳ್ಳುವ ಪ್ರಯತ್ನದಲ್ಲಿ ನಾನು ಹಲವು ಹಳೆಯ ವಿಷಯಗಳನ್ನು ತಿಳಿಯಬೇಕಾಯಿತು. ಮರದ ವೈದ್ಯವನ್ನು ಕಲಿಯಲು ಹೊರಟವನಿಗೆ ಗ್ರಂಥಗಳು ಹೇಗೆ ಉಳಿದುವು ಎಂಬುದೂ ಜೊತೆಯಲ್ಲಿಯೇ ತಿಳಿಯಿತು. ಆ ಎರಡು ಸಂಗತಿಗಳನ್ನು ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಮೊದಲು ಮರದ ಪರಿಚಯ. ತಾಳೆಯ ಜಾತಿಗಳಲ್ಲಿ ಇದು ದೈತ್ಯ. ಕಾಂಡದ ದಪ್ಪ ಸುಮಾರು ೧ ಮೀಟರು. ಎತ್ತರ ೨೫ ಮೀಟರಿನವರೆಗೂ ಹೋಗುವುದುಂಟು. ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಒಂದೊಂದು ಎಲೆಯ ಅಗಲ ೫ ಮೀಟರಿಗೆ ಮುಟ್ಟುತ್ತದೆ. ಎಲೆಯ ದಂಟಿನ ಎರಡು ಅಂಚಿಗೂ ಗರಗಸದ ಹಲ್ಲಿನಂಥ ಕಪ್ಪು ಮುಳ್ಳು. ಸಿಂಹಳದ ಅರಸನ ಸೆರೆಯಲ್ಲಿ ೧೬೬೦ರಿಂದ ೧೬೭೯ರವರೆಗೆ ಕಳೆದ ರಾಬರ್ಟ್ ನಾಕ್ಸ್ ಎಂಬ ಇಂಗ್ಲಿಷ್ ನಾವಿಕನು, ತಪ್ಪಿಸಿಕೊಂಡು ಹೋದ ಮೇಲೆ ೧೬೮೧ರಲ್ಲಿ ಆ ದ್ವೀಪದ ವೃತ್ತಾಂತವನ್ನು ಪ್ರಕಟಿಸಿದನು. ಈ ಮರದ ಒಂದೇ ಎಲೆ ಹದಿನೈದು ಇಪ್ಪತ್ತು ಜನರನ್ನು ಮಳೆಯಿಂದ ಕಾಯುವಷ್ಟು ದೊಡ್ಡದೆಂದೂ, ಸೈನಿಕರು ಅದನ್ನು ಮಡಿಸಿ ಹೊತ್ತೊಯ್ದು ಡೇರೆ ಮಾಡಿಕೊಳ್ಳುತ್ತಾರೆಂದೂ ಅದರಲ್ಲಿ ಬರೆದಿದ್ದಾನೆ. ಅದೇ ಕಾಲದಲ್ಲಿ ಕೊಚ್ಚಿಯ ಡಚ್ಚರ ಅಧಿಕಾರಿ ವಾನ್ ರೀಡ್ ಮಲೆಯಾಳದ ಗಿಡಮರಗಳ ಬಗೆಗೆ ೧೨ ಸಂಪುಟಗಳ ‘ಹೋರ್ಟಸ್ ಮಲಬಾರಿಕಸ್’ ಗ್ರಂಥವನ್ನು ಸಿದ್ಧಪಡಿಸಿದನು. ೧೬೭೮ರಿಂದ ೧೬೯೩ರವರೆಗೆ ಹೊರಬಂದ ಆ ಸಂಪುಟಗಳಲ್ಲಿ ಈ ಮರವೂ ಸೇರಿದೆ. ಅಲ್ಲಿ ಅದರ ಹೆಸರು ಕುಡಪ್ಪನ, ಎಂದರೆ ಕೊಡೆಯ ಪನೆ. ೧೭೫೩ರಲ್ಲಿ ಲಿನೇಯಸ್ ಕೊಟ್ಟ ಲ್ಯಾಟಿನ್ ಹೆಸರಿಗೂ ಅರ್ಥ ಕೊಡೆ ಹೊತ್ತದ್ದು ಎಂದೇ.

ನಮ್ಮ ಕರಾವಳಿಯಲ್ಲಿಯೂ ಈ ಮರ ಕೊಡೆಗೆ ಪ್ರಸಿದ್ಧವಾಗಿತ್ತು. ಆಷಾಢದ ಮಳೆಯಲ್ಲಿ ಬಗ್ಗಿ ನೇಜಿ ನೆಡುವ ಹೆಂಗಸರ ಬೆನ್ನಿನ ಮೇಲೆ ದೋಣಿಯನ್ನು ಮಗುಚಿ ಹಾಕಿದಂತೆ ಕಾಣುತ್ತಿದ್ದ ಗೊರಬು ಇಂಥ ಎಲೆಯದು. ಬಿದಿರಿನ ಹಿಡಿಯ ಓಲೆಕೊಡೆಯೂ ಇದರದೇ. ಬಟ್ಟೆಯ ಕೊಡೆ ಅಂಗಡಿಗೆ ಬರುವವರೆಗೆ ಒಂದು ಊರಿಗೆ ನಾಲ್ಕು ಪಣೋಲಿ ಮರಗಳಿದ್ದರೆ ಆ ಊರಿಗೆ ಮಳೆಗಾಲದ ಚಿಂತೆ ಅಷ್ಟಿಲ್ಲ.

ಈ ಮರದ ನಿಜವಾದ ವಿಶೇಷ ಅದರ ಆಯುಸ್ಸಿನ ಕ್ರಮದಲ್ಲಿದೆ. ಅದು ಹೂ ಬಿಡುವುದು ಬಾಳಿನಲ್ಲಿ ಒಂದೇ ಸಲ. ಸಾಮಾನ್ಯವಾಗಿ ೩೦ ರಿಂದ ೮೦ ವರ್ಷದೊಳಗೆ. ಅಷ್ಟು ಕಾಲವೂ ಅದು ಕಾಂಡದೊಳಗೆ ಹಿಟ್ಟನ್ನು ಕೂಡಿಡುತ್ತ ಹೋಗುತ್ತದೆ. ಕಾಲ ಬಂದಾಗ ಸುಳಿಯಲ್ಲಿ ಎಲೆ ಹುಟ್ಟುವುದು ನಿಂತು, ೬ ರಿಂದ ೮ ಮೀಟರು ಎತ್ತರದ ಹೂಗೊಂಚಲು ಗೋಪುರದಂತೆ ಏಳುತ್ತದೆ. ಸಸ್ಯಗಳಲ್ಲಿ ಇದಕ್ಕಿಂತ ದೊಡ್ಡ ಹೂಗೊಂಚಲು ಇಲ್ಲ. ಅದರಲ್ಲಿರುವ ಕೆನೆಬಣ್ಣದ ಸಣ್ಣ ಹೂಗಳು ಲಕ್ಷಗಟ್ಟಲೆ. ಕಾಯಿ ಬಲಿತು ಉದುರಲು ಸುಮಾರು ಒಂದು ವರ್ಷ ಹಿಡಿಯುತ್ತದೆ. ಕೂಡಿಟ್ಟ ಹಿಟ್ಟೆಲ್ಲ ಆ ಒಂದು ಹೂವಿಗೂ ಕಾಯಿಗೂ ಖರ್ಚಾಗಿ, ಎಲೆಗಳು ಒಂದೊಂದಾಗಿ ಜೋತು, ಮರ ಸಾಯುತ್ತದೆ. ಯಾವ ಔಷಧವೂ ಅದನ್ನು ತಡೆಯಲಾರದು. ಏಕೆಂದರೆ ಅದು ರೋಗವಲ್ಲ.

ಈಗ ಚರಿತ್ರೆಗೆ ಬರೋಣ. ೭ನೆಯ ಶತಮಾನದಲ್ಲಿ ಭಾರತವನ್ನು ಸುತ್ತಿದ ಚೀನದ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ದಕ್ಷಿಣದ ಕೊಂಕಣಪುರವೆಂಬ ರಾಜ್ಯಕ್ಕೆ ಬಂದನು. ಆ ಪಟ್ಟಣದ ಉತ್ತರಕ್ಕೆ ಸ್ವಲ್ಪ ದೂರದಲ್ಲಿ ೩೦ ‘ಲೀ’ ಸುತ್ತಳತೆಯ ತಾಳೆಯ ವನವಿದ್ದುದನ್ನು ಅವನು ಹೇಳಿದ್ದಾನೆ. ಚೀನೀಯರ ಲೀ ಎಂದರೆ ಸುಮಾರು ಅರ್ಧ ಕಿಲೋಮೀಟರು. ಆ ಮರಗಳ ಎಲೆ ಉದ್ದವಾಗಿ, ಅಗಲವಾಗಿ, ಹೊಳಪಾಗಿ ಇತ್ತೆಂದೂ, ಭಾರತದ ದೇಶಗಳಲ್ಲೆಲ್ಲ ಬರೆಯಲು ಅದನ್ನೇ ಬಳಸುತ್ತಿದ್ದರೆಂದೂ ಅವನ ಮಾತಿನ ತಾತ್ಪರ್ಯ. ಈ ಕೊಂಕಣಪುರ ಯಾವುದೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಬನವಾಸಿಯೆಂದವರಿದ್ದಾರೆ, ಕನ್ನಿಂಗ್‌ಹ್ಯಾಮ್ ಆನೆಗೊಂದಿಯೆಂದನು. ಯಾವುದೇ ಆಗಲಿ, ಈ ಎರಡೂ ಕನ್ನಡ ನಾಡಿನ ಸ್ಥಳಗಳೇ. ದೂರದ ಮಠಗಳಲ್ಲಿ ಬೌದ್ಧಭಿಕ್ಷುಗಳು ಬರೆಯುತ್ತಿದ್ದ ಗರಿಗಳಲ್ಲಿ ಕೆಲವಾದರೂ ಈ ಕಡೆಯ ವನಗಳಿಂದ ಹೋಗಿರಬಹುದೆಂದು ನೆನೆದರೆ ಸಂತೋಷವಾಗುತ್ತದೆ.

ಓಲೆಗರಿಗೆ ಎರಡು ಬಗೆಯ ತಾಳೆಯನ್ನು ಬಳಸುತ್ತಿದ್ದರು. ಒಂದು ಶ್ರೀತಾಳ, ಮತ್ತೊಂದು ಖರತಾಳ. ಎಂದರೆ ಬಯಲುಸೀಮೆಯಲ್ಲಿಯೂ ಕಾಣುವ, ತಾಟಿನುಂಗು ಕೊಡುವ ತಾಳೆ. ಖರತಾಳದ ಗರಿ ದಪ್ಪ, ಒರಟು. ಅದರ ಮೇಲೆ ಕಬ್ಬಿಣದ ಕಂಠದಿಂದ ಅಕ್ಷರವನ್ನು ಕೊರೆದು, ಮೇಲೆ ಮಸಿ ಸವರಿ ಒರಸಬೇಕು. ಶ್ರೀತಾಳದ ಗರಿಯಾದರೋ ತೆಳು, ಮೃದು, ಬಾಗಿದರೆ ಮುರಿಯದು; ಲೇಖನಿಯನ್ನು ಮಸಿಯಲ್ಲಿ ಅದ್ದಿ ಬರೆದರೂ ಹಿಡಿಯುತ್ತದೆ. ಬರವಣಿಗೆಗೆ ಬೇಕಾದದ್ದು ಬಿಚ್ಚಿಕೊಂಡ ಎಲೆಯಲ್ಲ. ಇನ್ನೂ ಮಡಿಕೆಯಾಗಿ ಸುಳಿಯಲ್ಲಿರುವ ಎಳೆಯ ಎಲೆ. ಅದನ್ನು ಕೊಯ್ದು, ನಡುಗಡ್ಡಿ ತೆಗೆದು, ಒಂದಳತೆಗೆ ಕತ್ತರಿಸಿ, ನೀರಿನಲ್ಲಿ ಬೇಯಿಸಿ, ನೆರಳಲ್ಲಿ ಒಣಗಿಸಿ, ನಯವಾದ ಕಲ್ಲಿನಿಂದಲೋ ಶಂಖದಿಂದಲೋ ಉಜ್ಜಿ ಹೊಳಪು ಬರಿಸುತ್ತಿದ್ದರು. ತೂತು ಮಾಡಿ ದಾರ ಪೋಣಿಸಿ, ಮೇಲೂ ಕೆಳಗೂ ಮರದ ಹಲಗೆಯಿಟ್ಟು ಬಿಗಿದರೆ ಒಂದು ಕಟ್ಟು. ಹೀಗೆ ಒಂದು ಪುಸ್ತಕವಾಗಬೇಕಾದರೆ ಮರದ ಅತ್ಯಂತ ಮೆದುವಾದ, ಅತ್ಯಂತ ಮರ್ಮದ ಜಾಗಕ್ಕೆ ಕತ್ತಿ ಹೋಗಬೇಕಾಗಿತ್ತು. ಸುಳಿಯ ಎಲೆಯನ್ನು ಕೊಯ್ಯಬೇಕು, ಅದರ ಬುಡದಲ್ಲಿರುವ ಕುಡಿಗೆ ಪೆಟ್ಟು ತಗಲಕೂಡದು. ಗರಿ ಕೊಯ್ಯುವವನಿಗೂ ಒಂದು ವಿದ್ಯೆ ಬೇಕಾಗಿತ್ತು ಎಂಬುದನ್ನು ನಾವು ಮರೆತಿದ್ದೇವೆ.

ಇಷ್ಟು ಬೇಡಿಕೆಯಿದ್ದ ಮರ ಏಕೆ ವಿರಳವಾಯಿತು? ಕಾರಣ ಒಂದಲ್ಲ. ೧೮೪೧ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಮುದ್ರಣಾಲಯ ಆರಂಭವಾಯಿತು. ೧೮೪೩ರಲ್ಲಿ ಮೋಗ್ಲಿಂಗ್ ಸಾಹೇಬರ ‘ಮಂಗಳೂರ ಸಮಾಚಾರ’ ಹೊರಬಂತು. ಕನ್ನಡದ ಮೊದಲ ಪತ್ರಿಕೆ ಹುಟ್ಟಿದ್ದು ಪಣೋಲಿಯ ನಾಡಿನಲ್ಲಿಯೇ. ಓಲೆಗರಿಯ ಕಾಲ ಮುಗಿಯಿತೆಂದು ಸಾರಿದವುಗಳಲ್ಲಿ ಅದೂ ಒಂದು ಎನ್ನಬೇಕು. ಕಾಗದದಿಂದ ಬರವಣಿಗೆಯ ಕೆಲಸ ಹೋಯಿತು. ಬಟ್ಟೆಯ ಕೊಡೆಯಿಂದಲೂ ಪ್ಲಾಸ್ಟಿಕ್ ಹಾಳೆಯಿಂದಲೂ ಮಳೆಗಾಲದ ಕೆಲಸ ಹೋಯಿತು. ಉಳಿದದ್ದು ಕಾಂಡದೊಳಗಿನ ಹಿಟ್ಟು. ಬರಗಾಲದಲ್ಲಿ ಬಡವರ ಹೊಟ್ಟೆ ತುಂಬಿಸಿದ ಹಿಟ್ಟು ಅದು. ಅದನ್ನು ಯಾರೂ ಹಳಿಯಬೇಕಾಗಿಲ್ಲ. ಆದರೆ ಹೂ ಬಿಟ್ಟ ಮೇಲೆ ಮರದಲ್ಲಿ ಹಿಟ್ಟು ಇರದು. ಆದ್ದರಿಂದ ಕಡಿಯುವವನು ಹೂ ಬಿಡುವುದಕ್ಕೆ ಮುಂಚೆಯೇ ಕಡಿಯುತ್ತಾನೆ. ಒಮ್ಮೆ ಮಾತ್ರ ಬೀಜ ಕೊಡುವ ಮರವನ್ನು ಬೀಜ ಕೊಡುವ ಮೊದಲೇ ಕಡಿದರೆ ಅದರ ಸಂತತಿ ಅಲ್ಲಿಗೆ ಮುಗಿಯಿತು. ಎಲ್ಲೋ ಒಂದು ಮರ ಪಾರಾಗಿ ಹಣ್ಣಾದರೂ ಅದರ ಆನೆದಂತದಂತೆ ಗಟ್ಟಿಯಾದ ಬೀಜ ಗುಂಡಿಗೂ ಮಣಿಗೂ ಹೋಗುತ್ತಿತ್ತು. ದೃಷ್ಟಿ ತಾಕದಿರಲೆಂದು ಮಕ್ಕಳ ಕೊರಳಿಗೆ ಕಟ್ಟುವ ಬಜರಬಟ್ಟು ಮಣಿ ಇದೇ ಬೀಜದ್ದು.

ನಮ್ಮ ಮರದ ಕಥೆಗೆ ಬರುತ್ತೇನೆ. ೨೦೧೯ರ ಆಗಸ್ಟಿನಲ್ಲಿ ಕರಾವಳಿಗೆ ಬಿಡದೆ ಮಳೆ ಹೊಯ್ಯಿತು. ಮಳೆ ಸ್ವಲ್ಪ ಹೊಳವಾದ ದಿನ ನೋಡಿದರೆ ಸುಳಿ ನೆಟ್ಟಗೆ ನಿಂತಿರಲಿಲ್ಲ. ಹಳದಿಗಟ್ಟಿ ಒಂದು ಕಡೆಗೆ ವಾಲಿತ್ತು. ಕೆಳಗಿನ ಎಲೆಗಳಿಗೆ ಏನೂ ಆಗಿರಲಿಲ್ಲ. ತಿಳಿಯದವರು ನೋಡಿದರೆ ಮರ ಸುಖವಾಗಿದೆ ಎಂದೇ ಹೇಳಬೇಕು. ಈ ರೋಗದ ಮೋಸವೇ ಅದು. ಮಾವು ಹಲಸುಗಳ ಒಂದು ಕೊಂಬೆ ಕೆಟ್ಟರೆ ಮತ್ತೊಂದು ಚಿಗುರೀತು. ತಾಳೆಯ ಕುಲಕ್ಕೆ ಕೊಂಬೆಯಿಲ್ಲ. ಇರುವುದು ನೆತ್ತಿಯಲ್ಲಿ ಒಂದೇ ಕುಡಿ. ಅದು ಕೊಳೆತರೆ ಮರ ಸತ್ತಂತೆ. ಆದರೆ ಬಿಚ್ಚಿಕೊಂಡ ಹಳೆಯ ಎಲೆಗಳು ತಿಂಗಳುಗಟ್ಟಲೆ ಹಸುರಾಗಿಯೇ ನಿಂತಿರುತ್ತವೆ. ಪರಿಚಯದ ಕೃಷಿ ವಿಜ್ಞಾನಿಯೊಬ್ಬರು ಬಂದು ನೋಡಿ, “ಸುಳಿಕೊಳೆ. ಕುಡಿಗೆ ಇನ್ನೂ ಮುಟ್ಟಿರಲಿಕ್ಕಿಲ್ಲ. ಎಂಟು ದಿನ ತಡೆದರೆ ನಾನು ಹೇಳಲಾರೆ” ಎಂದರು.

ಈ ಸುಳಿಕೊಳೆಗೂ ಒಂದು ಚರಿತ್ರೆ ಉಂಟು. ೨೦ನೆಯ ಶತಮಾನದ ಆರಂಭದಲ್ಲಿ ಗೋದಾವರಿಯ ಮುಖಜಭೂಮಿಯಲ್ಲಿ ತಾಳೆಮರಗಳು ಗುಂಪುಗುಂಪಾಗಿ ಸಾಯತೊಡಗಿದುವು. ಅಲ್ಲಿಯ ಬಡವರಿಗೆ ತಾಳೆ ಎಂದರೆ ಸೂರು, ಹಗ್ಗ, ಹಣ್ಣು, ಹೆಂಡ ಎಲ್ಲವೂ. ಆಗ ಬಿಹಾರದ ಪೂಸಾದಲ್ಲಿ ಸರಕಾರದ ಸಸ್ಯರೋಗಶಾಸ್ತ್ರಜ್ಞರಾಗಿದ್ದವರು ಎಡ್ವಿನ್ ಬಟ್ಲರ್ ಎಂಬ ಐರ್ಲೆಂಡಿನವರು. ಅವರು ಓದಿದ್ದು ಮನುಷ್ಯರ ವೈದ್ಯ. ಮನಸ್ಸು ಒಲಿದದ್ದು ಗಿಡಗಳ ರೋಗಕ್ಕೆ. ಸುಳಿಯನ್ನು ಕೊಳೆಸುವುದು ಬರಿಯ ನೀರಲ್ಲ, ನೀರಿನಲ್ಲಿ ಹರಡುವ ಒಂದು ಬೂಷ್ಟು ಎಂದು ಅವರು ಕಂಡುಹಿಡಿದು, ೧೯೦೭ರಲ್ಲಿ ಅದಕ್ಕೆ ತಾಳೆಯನ್ನು ನುಂಗುವುದು ಎಂಬ ಅರ್ಥದ ಹೆಸರನ್ನು ಕೊಟ್ಟರು. ಆ ಹೆಸರಿನ ಉತ್ತರಾರ್ಧ ಇಂದಿಗೂ ಬಳಕೆಯಲ್ಲಿದೆ. ಆಗ ಗೋದಾವರಿಯಲ್ಲಿ ನಡೆದ ಉಪಾಯ ಕಠೋರವಾದದ್ದು: ರೋಗದ ಮರದ ತಲೆಯನ್ನು ಕಡಿದು ಸುಡುವುದು. ಅದು ಉಳಿದ ಮರಗಳನ್ನು ಕಾಯುವ ಉಪಾಯ. ರೋಗ ಹಿಡಿದ ಮರಕ್ಕೆ ಅದರಿಂದ ಏನೂ ಪ್ರಯೋಜನವಿಲ್ಲ.

ರೋಗ ಹಿಡಿದ ಮರಕ್ಕೆ ನೆರವಾದ ವಿದ್ಯೆ ಬೇರೆ ಕಡೆಯಿಂದ ಬಂತು. ನಮ್ಮ ಮಲೆನಾಡಿನ ಅಡಿಕೆ ತೋಟಗಳಿಗೆ ಕೊಳೆರೋಗ ಹಳೆಯ ಶತ್ರು. ಮಳೆ ಹಿಡಿಯುವುದಕ್ಕೆ ಮುಂಚೆ ಒಂದೊಂದು ಗೊನೆಗೂ ಕೊಟ್ಟೆ ಕಟ್ಟಿ ನೀರು ತಾಕದಂತೆ ಕಾಯುವುದು ತೋಟಿಗರ ಪದ್ಧತಿಯಾಗಿತ್ತು. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸ ಮಾಡಿ, ಬಟ್ಲರರು ಕಂಡ ಬೂಷ್ಟಿನ ಹತ್ತಿರದ ಸಂಬಂಧಿಯೇ ಅದಕ್ಕೆ ಕಾರಣವೆಂದು ತೋರಿಸಿ, ೧೯೧೦ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಅವರು ತೋಟಿಗರಿಗೆ ಕಲಿಸಿದ ಔಷಧ ಬೋರ್ಡೋ ದ್ರಾವಣ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ದಾರಿಯ ಬದಿಯ ಬಳ್ಳಿಗಳಿಗೆ ಮೈಲುತುತ್ತು, ಸುಣ್ಣಗಳನ್ನು ಕಲಸಿ ಎರಚುತ್ತಿದ್ದರು. ಆ ಬಳ್ಳಿಗಳಿಗೆ ರೋಗ ಬಾರದ್ದನ್ನು ಮಿಲಾರ್ಡೆ ಎಂಬ ಪಂಡಿತನು ಗಮನಿಸಿ ಪರೀಕ್ಷಿಸಿ ೧೮೮೫ರಲ್ಲಿ ಲೋಕಕ್ಕೆ ತಿಳಿಸಿದನು. ಕಳ್ಳರ ಭಯದಿಂದ ಹುಟ್ಟಿದ ಔಷಧ ನಮ್ಮ ಅಡಿಕೆಯನ್ನು ಉಳಿಸಿತು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಈ ಲೆಕ್ಕ ನಮ್ಮ ಕಡೆ ಅಡಿಕೆ ಬೆಳೆಯುವವರ ಮನೆಯ ಮಕ್ಕಳಿಗೂ ಬಾಯಿಪಾಠ.

ಮದ್ದು ಗೊತ್ತಿದ್ದರೆ ಸಾಲದು. ಮರದ ನೆತ್ತಿಗೆ ಅದನ್ನು ಮುಟ್ಟಿಸಬೇಕು. ತೆಂಗಿನ ಮರ ಹತ್ತುವವನು ಬಂದು ಮರವನ್ನು ಒಂದು ಸುತ್ತು ನೋಡಿ, “ಇದಕ್ಕೆ ಗರಗಸವೇ ಹುಟ್ಟಿದೆಯಲ್ಲ ಮಾಷ್ಟ್ರೆ, ಹತ್ತಿದವನು ಇಳಿಯುವಾಗ ಚರ್ಮ ಇರುವುದಿಲ್ಲ” ಎಂದು ಹೊರಟುಹೋದ. ಕೊನೆಗೆ ಅಡಿಕೆಯ ಕಂಬಗಳನ್ನೂ ಬಿದಿರನ್ನೂ ಕಟ್ಟಿ ಅಟ್ಟಣಿಗೆ ಮಾಡಿಸಿದೆವು. ಮೊದಲು ಹಲ್ಲಿನ ದಂಟುಗಳಿಗೆ ಗೋಣಿ ಸುತ್ತಿದೆವು. ಸುಳಿಯ ಎಲೆಯನ್ನು ಸ್ವಲ್ಪ ಎಳೆದದ್ದೇ ತಡ, ಬುಡ ಕಳಚಿ ಕೈಗೆ ಬಂತು. ಜೊತೆಗೆ ತಾಳಲಾರದ ದುರ್ಗಂಧ. ಕೊಳೆತದ್ದನ್ನೆಲ್ಲ ಬಿಳಿಯ ಗಟ್ಟಿ ತಿರುಳು ಕಾಣುವವರೆಗೆ ಕೊಯ್ದು ತೆಗೆದು, ಗಾಯಕ್ಕೆ ದಪ್ಪಗೆ ಕಲಸಿದ ಬೋರ್ಡೋ ಸರಿಯನ್ನು ಮೆತ್ತಿ, ಸುತ್ತಲಿನ ಎಲೆಗಳಿಗೆ ತೆಳು ದ್ರಾವಣವನ್ನು ಸಿಂಪಡಿಸಿದೆವು. ಮೇಲೆ ಮಳೆ ಬೀಳದಂತೆ ಏನಾದರೂ ಮುಚ್ಚಬೇಕು, ಗಾಳಿ ಮಾತ್ರ ಆಡಬೇಕು. ಅಟ್ಟದ ಮೇಲೆ ನನ್ನ ಅಜ್ಜಿಯ ಕಾಲದ ಒಂದು ಗೊರಬು ಇತ್ತು. ಅದನ್ನೇ ಬಿದಿರಿನ ಕಡ್ಡಿಗಳ ಮೇಲೆ ಕಟ್ಟಿದೆವು. ಮಲೆನಾಡಿನವರು ಅಡಿಕೆಯ ಗೊನೆಗೆ ಕಟ್ಟುತ್ತಿದ್ದ ಕೊಟ್ಟೆಯ ನ್ಯಾಯವೇ ಇದು. ಕೋಲ್ಮನ್ನರ ಔಷಧ, ತೋಟಿಗರ ಉಪಾಯ ಎರಡೂ ಒಂದೇ ನೆತ್ತಿಯ ಮೇಲೆ ಸೇರಿದುವು.

ಆಮೇಲೆ ಮಾಡಲು ಏನೂ ಇರಲಿಲ್ಲ, ಕಾಯಬೇಕಾಗಿತ್ತು. ನವರಾತ್ರಿ ಕಳೆಯಿತು, ದೀಪಾವಳಿ ಕಳೆಯಿತು. ಕೆಳಗಿನ ಎರಡು ಎಲೆಗಳು ಒಣಗಿ ಜೋತುವು. ಅದು ಮುಪ್ಪಿನಿಂದಲೋ ರೋಗದಿಂದಲೋ ಹೇಳುವಂತಿರಲಿಲ್ಲ. ೨೦೨೦ರ ಜನವರಿಯಲ್ಲಿ ಗೊರಬನ್ನು ಸರಿಸಿ ನೋಡಿದಾಗ ಗಾಯದ ನಡುವಿನಿಂದ ಬೆರಳುದ್ದದ ಹೊಸ ಸುಳಿ ಎದ್ದಿತ್ತು. ಅದು ಬಿಚ್ಚಿದಾಗ ಎಲೆಯ ತುದಿ ಹರಿದು ಮುರುಟಿತ್ತು, ಗಾತ್ರವೂ ಅರ್ಧ. ಅದರ ಮುಂದಿನ ವರ್ಷದ ಎಲೆ ಎಂದಿನಂತೆ ಬಂತು.

ಈ ಕೆಲಸ ನಡೆಯುತ್ತಿದ್ದಾಗಲೇ ನೆರೆಮನೆಯ ಹಿರಿಯರೊಬ್ಬರು ಅಂಗಳಕ್ಕೆ ಬಂದು ಒಂದು ಪ್ರಶ್ನೆ ಕೇಳಿದ್ದರು. “ಅಲ್ಲ ಮಾಷ್ಟ್ರೆ, ಇದು ಹೇಗಿದ್ದರೂ ಹೂ ಬಿಟ್ಟು ಸಾಯುವ ಮರ. ಪಣೋಲಿ ಹೂ ಬಿಡುವುದು ಮನೆಗೆ ಒಳ್ಳೆಯದಲ್ಲವೆಂದು ಬೇರೆ ಹೇಳುತ್ತಾರೆ. ತಾನಾಗಿ ಹೋಗುತ್ತಿರುವುದನ್ನು ಹಿಡಿದು ನಿಲ್ಲಿಸಿ ನೀವು ಸಾಧಿಸುವುದೇನು?” ಅವರು ವ್ಯಂಗ್ಯಕ್ಕೆ ಕೇಳಿದ್ದಲ್ಲ. ಅಂದು ನನಗೆ ತೃಪ್ತಿಯಾಗುವ ಉತ್ತರ ಹೊಳೆಯಲಿಲ್ಲ. ಉತ್ತರ ದೊರೆತದ್ದು ಎರಡು ಕಥೆಗಳಲ್ಲಿ. ಒಂದು ಬಂಗಾಳದ್ದು, ಮತ್ತೊಂದು ನಮ್ಮ ಮೂಡಬಿದರೆಯದು.

ಶ್ರೀತಾಳೆಗೆ ಬಂಗಾಳದಲ್ಲಿ ಒಂದು ದಾಯಾದಿ ಮರವಿತ್ತು. ಅಲ್ಲಿಯವರು ತಾಳಿ ಎನ್ನುತ್ತಾರೆ. ಕಲ್ಕತ್ತೆಯ ಸಸ್ಯೋದ್ಯಾನದ ರಾಕ್ಸ್‌ಬರ್ಗ್ ಅದನ್ನು ಮೊದಲು ವರ್ಣಿಸಿದವನು. ಅದೂ ಬಾಳಿನಲ್ಲಿ ಒಮ್ಮೆ ಹೂ ಬಿಟ್ಟು ಸಾಯುವ ಜಾತಿಯೇ. ೧೯೭೯ರ ಹೊತ್ತಿಗೆ ಕಾಡಿನಲ್ಲಿ ಉಳಿದದ್ದು ಶಾಂತಿನಿಕೇತನದ ಹತ್ತಿರದ ಹಳ್ಳಿಯೊಂದರ ಒಂದು ಮರವೆಂದು ತಿಳಿದಿತ್ತು. ಅದು ಹೂ ಬಿಡತೊಡಗಿದಾಗ, ಎಂದೂ ಕಾಣದ ಆ ರೂಪವನ್ನು ಕಂಡು ಹಳ್ಳಿಯವರು ದೆವ್ವದ ತಾಳೆಯೆಂದು ಹೆದರಿ, ಬೀಜ ಕಟ್ಟುವುದಕ್ಕೆ ಮುಂಚೆ ಕಡಿದುಹಾಕಿದರು. ಆ ಜಾತಿ ಕಾಡಿನಲ್ಲಿ ಅಲ್ಲಿಗೆ ಮುಗಿಯಿತು.

ಢಾಕಾ ವಿಶ್ವವಿದ್ಯಾಲಯದ ಆವರಣದಲ್ಲಿ ಇನ್ನೊಂದು ಮರವಿತ್ತು. ೧೯೫೦ರಲ್ಲಿ ಅದನ್ನು ಗಮನಿಸಿದವರು ಸಸ್ಯಶಾಸ್ತ್ರದ ಅಧ್ಯಾಪಕ ಸಲಾರ್ ಖಾನ್. ಅದು ತಾಳಿಯೇ ಎಂದು ಭಾರತದ ತಾಳೆಗಳ ತಜ್ಞರಾದ ಶ್ಯಾಮಲ್ ಕುಮಾರ್ ಬಸು ೨೦೦೧ರಲ್ಲಿ ನಿರ್ಧರಿಸಿದರು. ಮರವಿದ್ದದ್ದು ಸಹ ಉಪಕುಲಪತಿಗಳ ನಿವಾಸದ ಅಂಗಳದಲ್ಲಿ. ಅದೂ ಒಂದು ಮನೆಯ ತೋಟದ ಮರವೇ. ೨೦೦೮ರಲ್ಲಿ ಅದು ಹೂ ಬಿಟ್ಟಿತು. ಈ ಸಲ ಯಾರೂ ಕೊಡಲಿ ತರಲಿಲ್ಲ. ಒಂದೇ ಹೂವಿನಲ್ಲಿ ಗಂಡು ಹೆಣ್ಣು ಭಾಗಗಳೆರಡೂ ಇರುವುದರಿಂದ ಒಂಟಿ ಮರವಾದರೂ ಕಾಯಿ ಕಟ್ಟಿತು. ೨೦೧೦ರಲ್ಲಿ ಬೀಜ ಉದುರಿತು, ಮರ ಸತ್ತಿತು. ಆ ಬೀಜಗಳಿಂದ ನೂರಾರು ಸಸಿಗಳನ್ನು ಎಬ್ಬಿಸಿ ಬೇರೆ ಬೇರೆ ಕಡೆಗಳಿಗೆ ಕಳಿಸಿದರು. ಎರಡು ಮರಗಳೂ ಸತ್ತುವು. ಆದರೆ ಒಂದರ ಸಾವಿನಿಂದ ಜಾತಿ ಕಾಡಿನಲ್ಲಿ ಅಳಿಯಿತ, ಇನ್ನೊಂದರ ಸಾವಿನ ಅನಂತರ ಅದು ತೋಟಗಳಲ್ಲಿ ಮುಂದುವರಿಯಿತು. ನಡುವೆ ಇದ್ದ ವ್ಯತ್ಯಾಸ ಎರಡು ವರ್ಷದ ತಾಳ್ಮೆ.

ಮೂಡಬಿದರೆಯ ಕಥೆ ಇನ್ನೂ ಹಳೆಯದು. ದಿಗಂಬರ ಜೈನರ ಅತಿ ಪ್ರಾಚೀನ ಆಗಮ ಷಟ್ಖಂಡಾಗಮ. ಬಾಯಿಂದ ಬಾಯಿಗೆ ಬಂದ ವಿದ್ಯೆ ಮರೆಯಾಗುವುದೆಂಬ ಭಯದಿಂದ ಧರಸೇನಾಚಾರ್ಯರು ಅದನ್ನು ಇಬ್ಬರು ಶಿಷ್ಯರಿಗೆ ಕಲಿಸಿದರೆಂದೂ, ಪುಷ್ಪದಂತ ಭೂತಬಲಿಗಳೆಂಬ ಆ ಶಿಷ್ಯರು ಅದನ್ನು ಬರವಣಿಗೆಗೆ ಇಳಿಸಿದರೆಂದೂ ಪರಂಪರೆ ಹೇಳುತ್ತದೆ. ಅದರ ಮೇಲೆ ೯ನೆಯ ಶತಮಾನದ ವೀರಸೇನರು ಬರೆದ ಮಹಾವ್ಯಾಖ್ಯಾನವೇ ಧವಲಾ. ಈ ಗ್ರಂಥಗಳ ಹಳೆಯ ಪ್ರತಿಗಳು ಕಾಲಕ್ರಮದಲ್ಲಿ ಉಳಿದದ್ದು ಮೂಡಬಿದರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ. ಸುಮಾರು ೧೨ನೆಯ ಶತಮಾನದವು. ಶ್ರೀತಾಳದ ಗರಿಯ ಮೇಲೆ ಮಸಿಯಿಂದ ಹಳಗನ್ನಡ ಲಿಪಿಯಲ್ಲಿ ಬರೆದವು. ಕೆಲವು ಗರಿಗಳಲ್ಲಿ ಬಣ್ಣದ ಚಿತ್ರಗಳೂ ಇವೆ. ಶತಮಾನಗಳ ಕಾಲ ಭಕ್ತರು ಅವುಗಳ ದರ್ಶನ ಪಡೆಯುತ್ತಿದ್ದರು, ಪೂಜಿಸುತ್ತಿದ್ದರು, ಓದುವವರು ಇರಲಿಲ್ಲ. ಅಷ್ಟರಲ್ಲಿ ಗರಿಗಳು ಜೀರ್ಣವಾಗುತ್ತ ನಡೆದಿದ್ದುವು. ಕರಾವಳಿಯ ತೇವ, ಹುಳು, ಮುಟ್ಟಿದರೆ ಪುಡಿಯಾಗುವ ಅಂಚು. ಹೊರಗಿನಿಂದ ನೋಡಿದರೆ ರೇಷ್ಮೆಯ ವಸ್ತ್ರದಲ್ಲಿ ಸುತ್ತಿಟ್ಟ ಕಟ್ಟು ಮಾತ್ರ ಭದ್ರ.

೧೯ನೆಯ ಶತಮಾನದ ಕೊನೆಯ ದಶಕದಲ್ಲಿ ಸೊಲ್ಲಾಪುರ, ಮುಂಬಯಿಗಳ ಶ್ರಾವಕರ ಪ್ರಯತ್ನದಿಂದ ಪ್ರತಿ ಮಾಡುವ ಕೆಲಸ ಆರಂಭವಾಯಿತು. ಎಲ್ಲ ಗ್ರಂಥಗಳ ಪ್ರತಿ ಮುಗಿಯಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಪ್ರತಿ ಹೊರಗೆ ಹೋಗಕೂಡದೆಂಬುದು ಬಸದಿಯವರ ಕಟ್ಟು. ಆದರೆ ಪ್ರತಿ ಮಾಡುತ್ತಿದ್ದ ಗಜಪತಿ ಶಾಸ್ತ್ರಿಗಳು ಪತ್ನಿಯ ನೆರವಿನಿಂದ ಗುಟ್ಟಾಗಿ ಇನ್ನೊಂದು ಪ್ರತಿಯನ್ನು ಮಾಡಿಕೊಂಡರು; ಅದು ಉತ್ತರದ ಸಹಾರನಪುರಕ್ಕೆ ಹೋಗಿ, ಅಲ್ಲಿಂದ ಮತ್ತೆ ಪ್ರತಿಗಳು ಹಬ್ಬಿದುವು. ಅವರು ಮಾಡಿದ್ದು ನ್ಯಾಯವೋ ಅಲ್ಲವೋ ಎಂಬುದನ್ನು ಧರ್ಮಜ್ಞರು ತೀರ್ಮಾನಿಸಲಿ. ೧೯೩೯ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲೆಯ ಮೊದಲ ಸಂಪುಟ ಅಚ್ಚಾಗಿ ಹೊರಬಂತು. ಕ್ರಮವಾಗಿ ೧೬ ಸಂಪುಟಗಳಾದುವು. ಮೂಡಬಿದರೆಯ ಕಪಾಟಿನಲ್ಲಿದ್ದ ವಿದ್ಯೆ ಓದಬಲ್ಲ ಎಲ್ಲರದೂ ಆಯಿತು.

ಈ ಕಥೆಯನ್ನು ತಿಳಿದ ಮೇಲೆ ಓಲೆಗರಿಯ ಬಗೆಗೆ ನನಗಿದ್ದ ಒಂದು ಭ್ರಾಂತಿ ಬಿಟ್ಟಿತು. ಹಳೆಯ ಗ್ರಂಥಗಳು ಗರಿ ಗಟ್ಟಿಯಾಗಿದ್ದುದರಿಂದ ಉಳಿದುವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಗರಿ ಎಷ್ಟು ಗಟ್ಟಿಯಾದರೂ ನಮ್ಮ ಹವೆಯಲ್ಲಿ ಅದರ ಬಾಳು ಕೆಲವು ಶತಮಾನ, ಅಷ್ಟೆ. ವೀರಸೇನರ ಕೈಬರಹದ ಗರಿ ಇಂದು ಎಲ್ಲಿಯೂ ಇಲ್ಲ. ಇರುವುದು ಪ್ರತಿಯ ಪ್ರತಿ. ಹಳೆಯ ಕಟ್ಟು ಪೂರ್ತಿ ಜೀರ್ಣವಾಗುವುದಕ್ಕೆ ಮುಂಚೆ ಯಾರೋ ಒಬ್ಬನು ಕುಳಿತು ಹೊಸ ಗರಿಯ ಮೇಲೆ ಬರೆದದ್ದರಿಂದ ಗ್ರಂಥ ಉಳಿಯಿತು. ಜೈನರು ಶ್ರುತಪಂಚಮಿಯ ದಿನ ಗ್ರಂಥಗಳನ್ನು ಹೊರತೆಗೆದು ಧೂಳು ಕೊಡಹಿ ಹೊಸ ವಸ್ತ್ರ ಸುತ್ತುವ ಪದ್ಧತಿಯನ್ನು ಇಟ್ಟುಕೊಂಡದ್ದು, ಎಣ್ಣೆ ಸವರಿ ಹುಳುವನ್ನು ದೂರವಿಟ್ಟದ್ದು, ಲಿಪಿಕಾರರು ಕೊನೆಯಲ್ಲಿ ಈ ಪುಸ್ತಕವನ್ನು ನೀರಿನಿಂದಲೂ ಅರಿಯದವರ ಕೈಯಿಂದಲೂ ಕಾಯಿರೆಂದು ಓದುಗರನ್ನು ಬೇಡಿಕೊಂಡದ್ದು, ಇವೆಲ್ಲ ಗರಿಯನ್ನು ಅಮರವಾಗಿಸಲು ಅಲ್ಲ. ಮುಂದಿನ ಪ್ರತಿಕಾರನು ಬರುವವರೆಗೆ ಅದು ತಾಳಬೇಕು, ಅದಕ್ಕಾಗಿ.

ಇದೇ ನಮ್ಮ ನೆರೆಯ ಹಿರಿಯರ ಪ್ರಶ್ನೆಗೆ ಉತ್ತರ. ಶ್ರೀತಾಳೆಯನ್ನು ಸಾವಿನಿಂದ ಪಾರುಮಾಡುವುದು ಯಾರಿಂದಲೂ ಸಾಧ್ಯವಿಲ್ಲ. ಅದು ಬೇಕಾಗಿಯೂ ಇಲ್ಲ. ಸುಳಿ ಕೊಳೆತು ಸಾಯುವುದು ಬೇರೆ, ಬೀಜವಾಗಿ ಸಾಯುವುದು ಬೇರೆ. ಮೊದಲನೆಯದು ಪ್ರತಿಯಾಗದೆ ಸುಟ್ಟುಹೋದ ಪುಸ್ತಕ. ಎರಡನೆಯದು ಪ್ರತಿಯಾದ ಮೇಲೆ ಜೀರ್ಣವಾದ ಕಟ್ಟು. ಮೈಲುತುತ್ತು ಸುಣ್ಣಗಳಿಂದ ನಾವು ಆ ಮರಕ್ಕೆ ಕೊಟ್ಟದ್ದು ಕಾಲಾವಕಾಶ, ಮತ್ತೇನೂ ಅಲ್ಲ. ಆ ಹಿರಿಯರಿಗೆ ಇದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಒಂದು ಬೀಜ ನಮ್ಮ ಮನೆಗೂ ಇರಲಿ” ಎಂದರು.

ಬೀಜಕ್ಕೆ ಇನ್ನೂ ಕಾಲವಿದೆ. ಮರಕ್ಕೆ ನಲವತ್ತು ದಾಟಿದೆ. ನಾಳೆಯ ವರ್ಷ ಹೂ ಬಿಡಬಹುದು, ಇನ್ನೂ ಮೂವತ್ತು ವರ್ಷ ಕಳೆಯಲೂಬಹುದು. ಆದ್ದರಿಂದ ಮುಂದೆ ಆ ಮನೆಯಲ್ಲಿ ಇರುವವರಿಗೆ ತಿಳಿದಿರಲೆಂದು ಕೆಲವು ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದು ಮನೆಯ ಕಾಗದಪತ್ರಗಳ ಜೊತೆ ಇಟ್ಟಿದ್ದೇನೆ. ಹೂ ಬಂದರೆ ಹೆದರಬೇಕಾಗಿಲ್ಲ, ಕಡಿಯಬಾರದು. ಕಾಯಿ ಮರದಲ್ಲಿಯೇ ಬಲಿತು ಉದುರಲಿ. ಈ ಬೀಜದ ಮೊಳಕೆ ಮೊದಲು ನೆಲದ ಆಳಕ್ಕೆ ಇಳಿದು, ಅಲ್ಲಿಂದ ಎಲೆ ಮೇಲಕ್ಕೆ ಬರುವುದರಿಂದ ಸಣ್ಣ ಕುಂಡಗಳು ಪ್ರಯೋಜನಕ್ಕಿಲ್ಲ. ಆಳವಾದ ಚೀಲ ಬೇಕು, ಇಲ್ಲವೆ ನೆಡುವ ಜಾಗದಲ್ಲಿಯೇ ಊರಬೇಕು. ಬೀಜ ಕೇಳಿ ಬಂದವರಿಗೆ ಇಲ್ಲವೆನ್ನಬಾರದು.

ಪೇಟೆಯ ಮೂವತ್ತಕ್ಕೆ ನಲವತ್ತರ ನಿವೇಶನದಲ್ಲಿ ಈ ಮರವನ್ನು ಬೆಳೆಸಿರೆಂದು ನಾನು ಯಾರಿಗೂ ಹೇಳಲಾರೆ. ಒಂದು ಎಲೆ ಬಿಚ್ಚಿದರೆ ಅಂಗಳ ಮುಗಿಯಿತು. ಆದರೆ ಶಾಲೆಗಳಿಗೆ ಆಟದ ಬಯಲುಂಟು, ದೇವಸ್ಥಾನಗಳಿಗೆ ತೋಟವುಂಟು, ಪುಸ್ತಕ ಭಂಡಾರಗಳಿಗೂ ಹಿಂಬದಿಯಲ್ಲಿ ಖಾಲಿ ನೆಲವಿರುತ್ತದೆ. ಓಲೆಗರಿಗಳನ್ನು ಕಾಪಾಡುವ ಸಂಸ್ಥೆಗಳ ಅಂಗಳದಲ್ಲಿ ಆ ಗರಿ ಕೊಟ್ಟ ಮರ ಒಂದಾದರೂ ನಿಲ್ಲುವುದು ಯೋಗ್ಯ. ನೆಟ್ಟವನು ಅದರ ಹೂವನ್ನು ನೋಡುವುದು ಸಂದೇಹ. ಪ್ರತಿ ಮಾಡಿದ ಲಿಪಿಕಾರರಲ್ಲಿಯೂ ಎಷ್ಟೋ ಮಂದಿ ತಾವು ಬರೆದದ್ದನ್ನು ಓದುವವರನ್ನು ನೋಡಲಿಲ್ಲ. ಬೀಜ ಉದುರುವ ದಿನ ಅದನ್ನು ಆರಿಸಿಕೊಳ್ಳಬಲ್ಲವರೊಬ್ಬರು ಮರದ ಕೆಳಗೆ ಇದ್ದರೆ ಸಾಕು.